ಮೆದುಳಿನ ಗಡ್ಡೆ ಮರುಕಳಿಸಿದಾಗ ಎರಡನೆಯ ವಿಕಿರಣ

ವಯಸ್ಕರ ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆಗಳಲ್ಲಿ ಅತ್ಯಂತ ಉಗ್ರವಾದದ್ದು ಗ್ಲಿಯೊಬ್ಲಾಸ್ಟೊಮಾ. ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾದಷ್ಟನ್ನು ತೆಗೆದು, ಬಳಿಕ ಆರು ವಾರಗಳಲ್ಲಿ 30 ಕಂತುಗಳಾಗಿ 60 ಗ್ರೇ ವಿಕಿರಣವನ್ನೂ ಜೊತೆಗೆ ಟೆಮೊಜೋಲೊಮೈಡ್ ಎಂಬ ಔಷಧವನ್ನೂ ಕೊಡುವ ಕ್ರಮ 2005ರಿಂದ ರೂಢಿಗೆ ಬಂದಿದೆ. ಒಂದು ಕಿಲೋಗ್ರಾಂ ಅಂಗಾಂಶವು ಹೀರಿಕೊಳ್ಳುವ ಒಂದು ಜೂಲ್ ಶಕ್ತಿಯೇ ಒಂದು ಗ್ರೇ. ಇಷ್ಟಾದರೂ ಬಹುತೇಕ ರೋಗಿಗಳಲ್ಲಿ ಗಡ್ಡೆ ಮರಳುತ್ತದೆ, ಅದೂ ಹೆಚ್ಚಾಗಿ ಮೊದಲಿದ್ದ ಅಂಚಿನಿಂದ ಎರಡು ಸೆಂಟಿಮೀಟರಿನೊಳಗೆ, ಎಂದರೆ ಪೂರ್ಣ ಪ್ರಮಾಣದ ವಿಕಿರಣ ಆಗಲೇ ಬಿದ್ದಿರುವ ಜಾಗದಲ್ಲಿಯೇ.

ಮೊದಲ ಪ್ರಶ್ನೆ, ಮರಳಿರುವುದು ನಿಜವಾಗಿಯೂ ಗಡ್ಡೆಯೇ ಎಂಬುದು. ವಿಕಿರಣದಿಂದ ಸೂಕ್ಷ್ಮ ರಕ್ತನಾಳಗಳು ಹಾಳಾಗಿ, ತಿಂಗಳುಗಳ ಅಥವಾ ವರ್ಷಗಳ ಬಳಿಕ ಅಲ್ಲಿನ ಅಂಗಾಂಶವೇ ಸಾಯುವುದುಂಟು; ಇದನ್ನು ವಿಕಿರಣಜನ್ಯ ಕೊಳೆತ ಎನ್ನಬಹುದು. ಎಂಆರ್‌ಐ ಚಿತ್ರದಲ್ಲಿ ಈ ಸತ್ತ ಅಂಗಾಂಶದ ಸುತ್ತಲಿನ ಭಾಗವೂ ಬೆಳೆಯುತ್ತಿರುವ ಗಡ್ಡೆಯೂ ಒಂದೇ ರೀತಿ ಬೆಳ್ಳಗೆ ಹೊಳೆಯುವುದರಿಂದ, ರಕ್ತಸಂಚಾರವನ್ನು ಅಳೆಯುವ ವಿಶೇಷ ಎಂಆರ್‌ಐ, ಪೆಟ್ ಸ್ಕ್ಯಾನ್, ಕೆಲವೊಮ್ಮೆ ಬಯಾಪ್ಸಿಯೂ ಬೇಕಾಗುತ್ತವೆ. ಇಲ್ಲಿ ತಪ್ಪಿದರೆ, ವಿಕಿರಣದಿಂದಲೇ ನೊಂದ ಜಾಗಕ್ಕೆ ಮತ್ತೆ ವಿಕಿರಣ ಕೊಟ್ಟಂತಾಗುತ್ತದೆ.

ಆರೋಗ್ಯವಂತ ಮೆದುಳು ಕಾಲಕ್ರಮದಲ್ಲಿ ಹಳೆಯ ಪೆಟ್ಟಿನಿಂದ ಭಾಗಶಃ ಮಾತ್ರ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಎರಡು ಚಿಕಿತ್ಸೆಗಳ ನಡುವೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಅಂತರವನ್ನು ವೈದ್ಯರು ಬಯಸುತ್ತಾರೆ. ಕಂತಿನ ಗಾತ್ರ ಹೆಚ್ಚಿದಷ್ಟೂ ಪೆಟ್ಟು ಹೆಚ್ಚುವುದರಿಂದ ಬರಿಯ ಕೂಡುವಿಕೆ ಸಾಲದು: ಮರುಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ, 10 ಕಂತುಗಳ 35 ಗ್ರೇ ಪ್ರಮಾಣವು ಮೆದುಳಿನ ಮಟ್ಟಿಗೆ ದಿನಕ್ಕೆ 2 ಗ್ರೇಯಂತೆ ಕೊಟ್ಟ ಸುಮಾರು 48 ಗ್ರೇಗೆ ಸಮ. ಹೀಗೆ ಲೆಕ್ಕಹಾಕಿದ ಒಟ್ಟು ಮೊತ್ತ 100 ಗ್ರೇ ದಾಟಿದ ಮೇಲೆ ಅಂಗಾಂಶ ಸಾಯುವ ಅಪಾಯ ಗಮನಾರ್ಹವಾಗುತ್ತದೆ ಎಂದು ಹಿಂದಿನ ವರದಿಗಳ ವಿಶ್ಲೇಷಣೆ ತೋರಿಸಿದ್ದು, 60 ಮತ್ತು 48 ಸೇರಿದರೆ ಆ ಗೆರೆ ಆಗಲೇ ದಾಟಿರುತ್ತದೆ. ಅದಕ್ಕಾಗಿಯೇ ತಲೆಯನ್ನು ಮುಖದ ಅಚ್ಚಿಗೆ ಹೊಂದುವ ಪ್ಲಾಸ್ಟಿಕ್ ಮಾಸ್ಕಿನಿಂದ ಅಲುಗದಂತೆ ಹಿಡಿದಿರಿಸಿ, ಗುರಿಯ ಸುತ್ತ ಬಿಡುವ ಅಂಚನ್ನು ಕೆಲವೇ ಮಿಲಿಮೀಟರಿಗೆ ಇಳಿಸಲಾಗುತ್ತದೆ. ಗಡ್ಡೆ ಚಿಕ್ಕದಿದ್ದರೆ, ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ರೂಪಿಸಿದ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇರುವ ಗಾಮಾ ನೈಫ್‌ನಂಥ ಸಾಧನದಿಂದ ಒಂದೇ ಬಾರಿಗೆ ಚಿಕಿತ್ಸೆ ಮುಗಿಸುವುದೂ ಉಂಟು.

ಇದರಿಂದ ದೊರೆಯುವುದೇನೆಂಬುದನ್ನು ರೋಗಿಗೂ ಮನೆಯವರಿಗೂ ಮುಚ್ಚುಮರೆಯಿಲ್ಲದೆ ಹೇಳಲೇಬೇಕು. ಅಮೆರಿಕದ ಆರ್‌ಟಿಒಜಿ 1205 ಅಧ್ಯಯನದಲ್ಲಿ, ಬೆವಾಸಿಜುಮ್ಯಾಬ್ ಔಷಧದೊಡನೆ ಮರುವಿಕಿರಣ ಪಡೆದವರಲ್ಲಿ ಆರು ತಿಂಗಳವರೆಗೆ ರೋಗ ಮುಂದುವರಿಯದಿದ್ದವರು ಶೇ 54ರಷ್ಟಿದ್ದರೆ, ಔಷಧವನ್ನಷ್ಟೇ ಪಡೆದವರಲ್ಲಿ ಅವರು ಶೇ 29ರಷ್ಟಿದ್ದರು. ಆದರೆ ಒಟ್ಟು ಆಯುಷ್ಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮಾತು ಅಥವಾ ಕೈಕಾಲಿನ ಶಕ್ತಿ ಉಡುಗುವುದನ್ನು ಕೆಲವು ತಿಂಗಳು ಮುಂದೂಡುವುದೂ ರೋಗಿಯ ಪಾಲಿಗೆ ಸಣ್ಣ ಲಾಭವಲ್ಲ; ಆದರೂ ಅದನ್ನು ಗುಣವಾಗುವ ಭರವಸೆಯಾಗಿ ಮಾರುವುದು ಅನ್ಯಾಯ.

ಎರಡನೆಯ ವಿಕಿರಣದ ಲೆಕ್ಕಕ್ಕೆ ಮೊದಲ ಚಿಕಿತ್ಸೆಯ ಪೂರ್ಣ ವಿವರ ಬೇಕು. ಊರಿನಿಂದೂರಿಗೆ ಆಸ್ಪತ್ರೆ ಬದಲಿಸುವವರು ಡಿಸ್ಚಾರ್ಜ್ ಸಮ್ಮರಿಯನ್ನಷ್ಟೇ ಕೈಯಲ್ಲಿ ಹಿಡಿದು ಬಂದರೆ, ಅದರಲ್ಲಿ ಒಟ್ಟು ಗ್ರೇ ಸಂಖ್ಯೆ ಇದ್ದರೂ ಯಾವ ಭಾಗಕ್ಕೆ, ದೃಷ್ಟಿನರಕ್ಕೆ ಮತ್ತು ಮಿದುಳುಕಾಂಡಕ್ಕೆ ಎಷ್ಟೆಷ್ಟು ಬಿದ್ದಿತೆಂಬ ನಕ್ಷೆ ಇರುವುದಿಲ್ಲ. ಆ ನಕ್ಷೆ ಮೊದಲ ಆಸ್ಪತ್ರೆಯ ಕಂಪ್ಯೂಟರಿನಲ್ಲಿರುತ್ತದೆ. ಚಿಕಿತ್ಸೆ ಮುಗಿದ ದಿನವೇ ಅದನ್ನು ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಪಡೆದಿಟ್ಟುಕೊಂಡವರ ವಿಷಯದಲ್ಲಿ ಮುಂದಿನ ವೈದ್ಯರು ಹಳೆಯ ಪ್ರಮಾಣವನ್ನು ಊಹಿಸಬೇಕಾಗುವುದಿಲ್ಲ.