ಗಿಲಾವಿಗೆ ಮುಂಚೆ ಯೋಚಿಸತಕ್ಕ ದೀಪದ ತಂತಿ

ನಮ್ಮ ಸದಸ್ಯರಲ್ಲಿ ಮನೆಯನ್ನು ಪೂರ್ತಿ ಗುತ್ತಿಗೆಗೆ ಕೊಡುವವರು ಕಡಿಮೆ. ಮೇಸ್ತ್ರಿಯನ್ನು ಗೊತ್ತು ಮಾಡಿಕೊಂಡು, ಅಡಿಕೆ ಮಾರಿದ ಹಣ ಬಂದಾಗ ಗೋಡೆ, ಕಾಫಿ ಮಾರಿದಾಗ ತಾರಸಿ ಎಂದು ತಾವೇ ನಿಂತು ಕಟ್ಟಿಸುವವರೇ ಹೆಚ್ಚು. ಕೊಪ್ಪ ತಾಲ್ಲೂಕಿನಲ್ಲಿ ನಾನೂ ಹೀಗೆಯೇ ಒಂದು ಮನೆ ಕಟ್ಟಿಸುತ್ತಿದ್ದೇನೆ. ಜಂಬಿಟ್ಟಿಗೆ ಗೋಡೆ ಎದ್ದು, ಗಿಲಾವಿಗೆ ಮರಳು ಬಂದು ಬಿದ್ದ ಮೇಲೆ ಮಗ ಕೇಳಿದ: "ಅಪ್ಪಯ್ಯ, ದೀಪಕ್ಕೆಲ್ಲ ಆಟೊಮೇಶನ್ ಹಾಕಿಸೋಣವೇ?"

ಈ ವ್ಯವಸ್ಥೆ ಬೇಡವೆನ್ನುವವನು ನಾನಲ್ಲ. ಅಂಗಳದಲ್ಲಿ ಅಡಿಕೆ ಹರವಿದ್ದಾಗ ನಡುರಾತ್ರಿ ಮಳೆ ಹನಿಯಿತೆಂದರೆ, ಮಲಗುವ ಕೋಣೆಯಿಂದಲೇ ಅಂಗಳದ ನಾಲ್ಕೂ ದೀಪ ಹತ್ತಿಸುವ ಅನುಕೂಲ ಯಾರಿಗೆ ಬೇಡ? ಆದರೆ ನಮ್ಮ ಭಾವನ ಮನೆಯಲ್ಲಿ ನಡೆದದ್ದನ್ನು ನೋಡಿದ ಮೇಲೆ ನಾನು ಅವಸರ ಮಾಡಲಿಲ್ಲ. ಅವರು ಒಂದು ಕಂಪೆನಿಯ ಮಾತು ಕೇಳಿ ಇಡೀ ಮನೆಯ ದೀಪಗಳನ್ನು ಒಂದೇ ಪೆಟ್ಟಿಗೆಗೆ ಕೊಟ್ಟಿದ್ದರು. ಗೋಡೆಯ ಸ್ವಿಚ್ಚು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ, ದೀಪ ಹತ್ತಿಸುವುದು ಪೆಟ್ಟಿಗೆ. ಎರಡು ವರ್ಷದ ಹಿಂದೆ ನವೆಂಬರಿನ ಒಂದು ಸಂಜೆ ಗುಡುಗು ಸಿಡಿಲಿಗೆ ಪೆಟ್ಟಿಗೆ ಸುಟ್ಟಿತು. ಲೈನಿನಲ್ಲಿ ಕರೆಂಟು ಇದೆ, ಬಲ್ಬುಗಳೂ ಸರಿ ಇವೆ, ಆದರೆ ಒಂದೂ ಹತ್ತದು! ಟಾರ್ಚು ಹಿಡಿದು ಅಡಿಕೆ ಬಾಚುವಷ್ಟರಲ್ಲಿ ಅರ್ಧ ತೊಯ್ದಿತ್ತು. ಕಂಪೆನಿಯವರು ಬಂದದ್ದು ಹತ್ತೊಂಬತ್ತು ದಿನದ ಮೇಲೆ. ಬಂದವರು ಹೇಳಿದ್ದು, ಆ ಮಾದರಿ ಈಗ ತಯಾರಾಗುವುದಿಲ್ಲ ಎಂದು.

ಆದ್ದರಿಂದ ನಾನು ವಿಚಾರಿಸಿದಲ್ಲೆಲ್ಲ ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಇದು ಕೆಟ್ಟ ದಿನ ದೀಪ ಹತ್ತುವುದು ಹೇಗೆ, ಹತ್ತಿಸಿ ಕೊಡುವವರು ಯಾರು?

ತಂತಿಯ ವ್ಯವಸ್ಥೆಗಳಲ್ಲಿ ಹೆಸರಾದದ್ದು ಕೆಎನ್‌ಎಕ್ಸ್. ಇದು ಒಂದು ಕಂಪೆನಿಯ ಸ್ವತ್ತಲ್ಲ. ಹಲವಾರು ತಯಾರಕರು ಒಪ್ಪಿಕೊಂಡ ನಿಯಮ, 2006ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಸ್ವಿಚ್ಚಿನಿಂದ ಸ್ವಿಚ್ಚಿಗೆ ಸುಮಾರು 30 ವೋಲ್ಟಿನ ಒಂದು ಜೋಡಿ ತಂತಿ ಹೋಗುತ್ತದೆ. ಒಂದು ಸಾಲು ಒಟ್ಟು 1000 ಮೀಟರಿನವರೆಗೆ ಇರಬಹುದು. ಪ್ರತಿ ಉಪಕರಣಕ್ಕೂ ತನ್ನದೇ ಬುದ್ಧಿ ಇರುವುದರಿಂದ ಒಂದು ಕೆಟ್ಟರೆ ಉಳಿದವು ನಡೆಯುತ್ತವೆ, ಒಬ್ಬ ತಯಾರಕ ಅಂಗಡಿ ಮುಚ್ಚಿದರೆ ಇನ್ನೊಬ್ಬನದು ಹೊಂದುತ್ತದೆ. ತೊಡಕು ಬೇರೆಡೆ ಇದೆ. ಸಾಲಿಗೆ ವಿದ್ಯುತ್ ಕೊಡುವ ಘಟಕ ಹೋದರೆ ಆ ಸಾಲೇ ಮಲಗುತ್ತದೆ. ಯಾವ ಸ್ವಿಚ್ಚಿಗೆ ಯಾವ ದೀಪ ಎಂಬುದನ್ನು ಕಂಪ್ಯೂಟರಿನಲ್ಲಿ ಇಟಿಎಸ್ ಎಂಬ ತಂತ್ರಾಂಶದಿಂದಲೇ ಬರೆಯಬೇಕು. ನಮ್ಮ ಕಡೆ ಅದನ್ನು ಬಲ್ಲವರು ಎಷ್ಟು ಮಂದಿ? ಹಾಕಿಸುವವರು ಆ ಕಡತದ ಪ್ರತಿಯನ್ನು ಪೂರ್ತಿ ಹಣ ಕೊಡುವ ಮುಂಚೆಯೇ ಕೈಗೆ ತೆಗೆದುಕೊಳ್ಳತಕ್ಕದ್ದು. ಕಡತವಿಲ್ಲದಿದ್ದರೆ ಮುಂದೆ ಒಂದು ಸ್ವಿಚ್ಚು ಬದಲಿಸಲೂ ಹಳಬನನ್ನೇ ಹುಡುಕಬೇಕು.

ಡಾಲಿ ಎಂಬುದು ಮುಖ್ಯವಾಗಿ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದಕ್ಕೆ. ಒಂದು ಸಾಲಿಗೆ 64 ದೀಪ, 300 ಮೀಟರು. ಇದರದೊಂದು ಗುಣ ನನಗೆ ಹಿಡಿಸಿತು: ಸುದ್ದಿಯ ತಂತಿ ಸತ್ತರೆ ದೀಪ ಪೂರ್ತಿ ಉರಿಯುವಂತೆಯೇ ಕಾರ್ಖಾನೆಯಿಂದ ಬರುತ್ತದೆ. ಆದರೆ ಪ್ರತಿ ಎಲ್‌ಇಡಿಗೂ ಡಾಲಿ ಡ್ರೈವರೇ ಬೇಕು, ಅದು ನಮ್ಮ ಪೇಟೆಯ ಅಂಗಡಿಯಲ್ಲಿ ಸಿಕ್ಕುವ ಮಾಲಲ್ಲ.

ಕೊನೆಗೆ ನಾನು ಆರಿಸಿದ್ದು ಇವೆರಡಕ್ಕಿಂತ ಹಳೆಯದು, ಇಂಪಲ್ಸ್ ರಿಲೇ. ಕರೆಗಂಟೆಯ ಗುಂಡಿಯಂಥದ್ದನ್ನು ಒಮ್ಮೆ ಒತ್ತಿದರೆ ದೀಪ ಹತ್ತುತ್ತದೆ, ಮತ್ತೊಮ್ಮೆ ಒತ್ತಿದರೆ ಆರುತ್ತದೆ. ಒಂದೇ ದೀಪಕ್ಕೆ ಎಷ್ಟು ಕಡೆ ಬೇಕಾದರೂ ಗುಂಡಿ ಇಡಬಹುದು, ಎಲ್ಲಕ್ಕೂ ಎರಡೇ ತಂತಿ. ಅಂಗಳದ ದೀಪಗಳಿಗೆ ನಾನು ಜಗಲಿ, ಅಡಿಗೆಮನೆ, ಮಲಗುವ ಕೋಣೆ, ಈ ಮೂರು ಕಡೆ ಇಟ್ಟಿದ್ದೇನೆ. ಯಾಂತ್ರಿಕ ಮಾದರಿಯಾದರೆ ಕರೆಂಟು ಹೋಗಿ ಬಂದರೂ ಮೊದಲಿದ್ದ ಸ್ಥಿತಿಯಲ್ಲೇ ಇರುತ್ತದೆ. 24 ವೋಲ್ಟಿನದು ತೆಗೆದುಕೊಂಡರೆ ಬಚ್ಚಲಿನ ಥಂಡಿ ಗೋಡೆಯ ಗುಂಡಿಯಲ್ಲೂ 230 ವೋಲ್ಟಿನ ಭಯವಿಲ್ಲ. ಆ 24 ವೋಲ್ಟು ಕೊಡುವ ಘಟಕವನ್ನು ಎರಡು ಕೊಂಡು ಒಂದನ್ನು ಕಪಾಟಿನಲ್ಲಿಡಬೇಕು. ರಿಲೇ ಕೆಟ್ಟರೆ ಒಂದು ದೀಪ ಮಾತ್ರ ಕೆಡುತ್ತದೆ. ನಮ್ಮೂರಿನ ವೈರಿಂಗ್ ಹುಡುಗನೇ ಬಿಚ್ಚಿ ಬೇರೆ ಹಾಕಬಲ್ಲ.

ಯಾವುದನ್ನು ಆರಿಸಿದರೂ ಗಿಲಾವಿಗೆ ಮುಂಚೆ ಆಗಬೇಕಾದ ಕೆಲಸ ಒಂದೇ. ರೂಢಿಯಂತೆ ದೀಪದಿಂದ ಸ್ವಿಚ್ಚಿಗೆ, ಅಲ್ಲಿಂದ ಮುಂದಿನ ಸ್ವಿಚ್ಚಿಗೆ ತಂತಿ ಎಳೆಯದೆ, ಪ್ರತಿ ದೀಪದಿಂದಲೂ ಬೇರೆ ತಂತಿ ಮುಖ್ಯ ಬೋರ್ಡಿಗೆ ಬರಬೇಕು. ಗುಂಡಿಗಳ ತೆಳು ತಂತಿಯೂ ಅಲ್ಲಿಗೇ, ಆದರೆ ಬೇರೆ ಪೈಪಿನಲ್ಲಿ. ನಮ್ಮದು 26 ದೀಪ. ಬೋರ್ಡಿಗೆ ಸರಾಸರಿ 15 ಮೀಟರು ಹಿಡಿದರೆ 390 ಮೀಟರಿನ ದಾರಿ. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಸೇರಿ 90 ಮೀಟರಿನ ಸುರುಳಿ 13 ಬೇಕಾಯಿತು. ತಾಮ್ರದ ಬೆಲೆ ಕೇಳಿ ಮನೆಯವಳು ಒಂದು ದಿನ ಮಾತು ಬಿಟ್ಟಳು! ಆದರೂ ಹೀಗೆ ಎಳೆದಿಟ್ಟರೆ ಮುಂದೆ ಮಗ ರಿಲೇ ಕಿತ್ತು ಕೆಎನ್‌ಎಕ್ಸ್ ಕೂರಿಸಬಯಸಿದರೂ ಗೋಡೆ ಒಡೆಯಬೇಕಾಗಿಲ್ಲ. ಕೆಎನ್‌ಎಕ್ಸ್ ತಂತಿ ಗುಂಡಿಯ ಪೈಪಿನಲ್ಲೇ ಹೋಗುತ್ತದೆ. ಆ ಪೈಪನ್ನು ಅರ್ಧ ಖಾಲಿ ಬಿಟ್ಟು ಒಳಗೆ ಒಂದು ನೈಲಾನ್ ಹಗ್ಗ ಬಿಟ್ಟಿರಿ. ಪ್ರತಿ ತಂತಿಯ ಎರಡು ತುದಿಗೂ ನಂಬರು ಕಟ್ಟಿ. ಮುಚ್ಚುವ ಮೊದಲು ಅಳತೆ ಟೇಪು ಹಿಡಿದು ಗೋಡೆಗಳ ಫೋಟೋ ತೆಗೆದಿಡಿ.

ಸಿಡಿಲಿನ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಮುಖ್ಯ ಬೋರ್ಡಿನಲ್ಲಿ ಸರ್ಜ್ ರಕ್ಷಕ, ಒಳ್ಳೆಯ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಅಂಗಳಕ್ಕೂ ಪಂಪಿನ ಮನೆಗೂ ಹೋಗುವ ತಂತಿಗೆ ಬೇರೆ ಎಂಸಿಬಿ ಇರಲಿ. ಗೇಟಿನ ಗುಂಡಿಯನ್ನು ಮನೆಯೊಳಗಿನ ಸುದ್ದಿ ತಂತಿಗೆ ಸೇರಿಸಬೇಡಿ. ಹೊರಗೆ ಬಡಿದ ಸಿಡಿಲು ಅದೇ ದಾರಿಯಲ್ಲಿ ಒಳಗಿನ ಎಲ್ಲ ಉಪಕರಣಗಳನ್ನೂ ಮುಟ್ಟುತ್ತದೆ. ರಕ್ಷಕವಿದ್ದರೂ ನೇರ ಹೊಡೆತ ತಡೆಯುವುದಿಲ್ಲವಾದ್ದರಿಂದ ಅಂಗಳದ ಒಂದು ದೀಪವನ್ನು, ಅಡಿಗೆಮನೆಯ ಒಂದು ದೀಪವನ್ನು ನಾನು ಸಾದಾ ಸ್ವಿಚ್ಚಿಗೇ ಕೊಟ್ಟಿದ್ದೇನೆ.

ಈ ವಾರ ಗಿಲಾವು ಶುರುವಾಗಿದೆ. ಬೋರ್ಡಿನ ಜಾಗದಲ್ಲಿ ನಂಬರು ಕಟ್ಟಿದ ತಂತಿಗಳು ತೆಂಗಿನ ಗರಿಯಂತೆ ಇಳಿಬಿದ್ದಿವೆ. ಮೇಸ್ತ್ರಿ ದಿನಕ್ಕೊಮ್ಮೆ ಅದನ್ನು ನೋಡಿ ತಲೆ ಕೊಡವುತ್ತಾನೆ.