ಅಮ್ಮನ ಕೈಯಳತೆ, ತಮ್ಮನ ತಕ್ಕಡಿ

ಕಳೆದ ರಜೆಯಲ್ಲಿ ಅಬುಧಾಬಿಯಿಂದ ತಮ್ಮನ ಮನೆಗೆ ಹೋಗಿದ್ದೆ. ಅವನಿರುವುದು ಮೆಲ್ಬರ್ನ್ ನಗರದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದ ಕ್ರೇಗಿಬರ್ನ್‌ನಲ್ಲಿ. ಕುಂದಾಪುರದಿಂದ ಅಮ್ಮನೂ ಬಂದಿದ್ದರು. ಮೂವರೂ ಒಂದೇ ಸೂರಿನಡಿ ಸೇರಿ ನಾಲ್ಕು ವರ್ಷವಾಗಿತ್ತು. ಆದರೆ ಮೊದಲ ಭಾನುವಾರವೇ ಅಡುಗೆಮನೆಯಲ್ಲಿ ಸಣ್ಣ ಜಗಳ.

ಕಾರಣ ಒಂದು ಡಿಜಿಟಲ್ ತಕ್ಕಡಿ. ತಮ್ಮನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಅಂಚಿಗೆ ಬಂದಿತ್ತು. ತೂಕ ಇಳಿಸಲು ಡಾಕ್ಟರು ಹೇಳಿದ್ದರು, ತಿಂದದ್ದನ್ನೆಲ್ಲ ಬರೆದಿಡಲು ಡಯಟಿಷಿಯನ್ ಹೇಳಿದ್ದರು. ಎರಡು ತಿಂಗಳು ಪ್ರಾಮಾಣಿಕವಾಗಿ ಬರೆದರೂ ತೂಕ ಕದಲಲಿಲ್ಲ. ಕೊನೆಗೆ ತಕ್ಕಡಿ ತಂದು, ಅಮ್ಮ ಮಾಡುತ್ತಿದ್ದ ಚಿಕನ್ ಘೀ ರೋಸ್ಟಿನ ಪಕ್ಕದಲ್ಲಿಟ್ಟ.

"ಎಂತ ಮಾರಾಯ, ಇದ್ ಅಡ್ಗಿಮನಿಯೋ, ಬಂಗಾರದಂಗ್ಡಿಯೋ?" ಎಂದರು ಅಮ್ಮ. ನಗುತ್ತ ಹೇಳಿದರೂ ಮುಖ ಸಣ್ಣದಾಗಿತ್ತು. ಐವತ್ತು ವರ್ಷದ ಕೈಯಳತೆಯನ್ನು ಮಗ ನಂಬುತ್ತಿಲ್ಲ ಎಂದು ಅವರಿಗೆ ಅನಿಸಿತ್ತು.

ಅವನು ಬರೆದದ್ದನ್ನು ತೆಗೆದು ನೋಡಿದೆ. "ಚಿಕನ್ ಕರಿ, ಒಂದು ಕಪ್" ಎಂದಿತ್ತು. ಆ್ಯಪ್‌ನ ಪಟ್ಟಿಯಲ್ಲಿರುವುದು ಯಾರದೋ ಮನೆಯ ಕರಿ. ಅದರಲ್ಲಿ ಅಮ್ಮನ ತುಪ್ಪ ಎಲ್ಲಿಂದ ಬರಬೇಕು? ಪ್ಯಾಕೆಟ್ ತಿಂಡಿಗೆ ಲೇಬಲ್ ಇರುತ್ತದೆ, ಮನೆಯ ಮಸಾಲೆಗೆ ನಾವೇ ಲೇಬಲ್ ಬರೆಯಬೇಕು. ಅಂದು ಅದನ್ನೇ ಮಾಡಿದೆವು.

ಅಮ್ಮನ ಕೈಗೆ ಅಡ್ಡ ಹೋಗಲಿಲ್ಲ. ತುಪ್ಪದ ಡಬ್ಬಿಯನ್ನು ಅಡುಗೆಗೆ ಮೊದಲೊಮ್ಮೆ, ನಂತರವೊಮ್ಮೆ ತೂಗಿದೆವು. 120 ಗ್ರಾಂ ಇಳಿದಿತ್ತು. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಹಾಗಾಗಿ ತುಪ್ಪದಿಂದಲೇ ಸುಮಾರು 1,080. ಚರ್ಮ, ಮೂಳೆ ತೆಗೆದ ಒಂದು ಕಿಲೋ ಹಸಿ ಕೋಳಿಗೆ ಸುಮಾರು 1,200. ಅಂದರೆ ಕೋಳಿಗೂ ತುಪ್ಪಕ್ಕೂ ಹೆಚ್ಚುಕಡಿಮೆ ಸಮ! ಮಸಾಲೆ ಹಚ್ಚಿಡಲು ಬಳಸಿದ ಮೊಸರು, ಚೂರು ಬೆಲ್ಲ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ ಎಲ್ಲ ಸೇರಿ 250ರ ಆಸುಪಾಸು. ನಾವು ಹೆದರುವ ಮಸಾಲೆಯದು ಸಣ್ಣ ಪಾಲು, ಅದನ್ನು ಹುರಿಯುವ ಕೊಬ್ಬಿನದು ದೊಡ್ಡ ಪಾಲು.

ಪಾತ್ರೆಯ ಒಟ್ಟು ಲೆಕ್ಕ ಸುಮಾರು 2,530 ಕ್ಯಾಲೊರಿ. ಖಾಲಿ ಬಾಣಲೆಯ ತೂಕ ಮೊದಲೇ ಬರೆದಿಟ್ಟಿದ್ದೆವು. ಅದನ್ನು ಕಳೆದಾಗ ರೋಸ್ಟ್ ಒಂದು ಕಿಲೋ ಬಂತು. 100 ಗ್ರಾಮಿಗೆ 253. ಬೆಂದಾಗ ನೀರು ಆರಿ ತೂಕ ಇಳಿಯುತ್ತದೆ, ಕ್ಯಾಲೊರಿ ಆರುವುದಿಲ್ಲ. ಅದಕ್ಕೇ ಸಾಮಗ್ರಿಗಳನ್ನು ಹಸಿಯಾಗಿ ತೂಗಿ, ಬೆಂದ ಒಟ್ಟು ತೂಕದಿಂದ ಭಾಗಿಸುವುದು. ಮೀನಿಗೆ ಹಚ್ಚಿದ ಮಸಾಲೆ ಬಟ್ಟಲಲ್ಲಿ ಉಳಿದರೆ, ಉಳಿದದ್ದನ್ನು ತೂಗಿ ಕಳೆಯಿರಿ. ಕಾವಲಿಯಲ್ಲಿ ಉಳಿದ ಎಣ್ಣೆಗೂ ಅದೇ ಕ್ರಮ.

ಅಲ್ಲಿ ನನಗೆ ಎರಡು ಹೊಸ ಪಾಠವಾಯಿತು. ಆಸ್ಟ್ರೇಲಿಯಾದ ಲೇಬಲ್‌ಗಳಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಬರೆಯುತ್ತಾರೆ. 4.2ರಿಂದ ಭಾಗಿಸಿದರೆ ನಮ್ಮ ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕದಲ್ಲೂ ಕಿಲೋಜೂಲ್ ಲೆಕ್ಕವೇ ಇದೆ. ನಮ್ಮ ಬೇಳೆಕಾಳು, ಸೊಪ್ಪುಗಳನ್ನು ಹುಡುಕಲು ಅದು ಒಳ್ಳೆಯ ಆಧಾರ. ಇನ್ನೊಂದು, ಆಸ್ಟ್ರೇಲಿಯಾದ ಟೇಬಲ್ ಚಮಚ 20 ಮಿಲಿಲೀಟರ್. ಬೇರೆ ಹೆಚ್ಚಿನ ಕಡೆ 15. ಎಣ್ಣೆಯಲ್ಲಿ ಒಂದೊಂದು ಚಮಚಕ್ಕೆ ಸುಮಾರು 40 ಕ್ಯಾಲೊರಿ ವ್ಯತ್ಯಾಸ. ಚಮಚ ಬಿಟ್ಟು ಗ್ರಾಂ ಹಿಡಿಯುವುದೇ ಕ್ಷೇಮ.

ಬಾಟಲಿ ಸಾಸ್‌ಗಳೂ ಎಲ್ಲ ಒಂದೇ ಅಲ್ಲ. ಸೋಯಾ ಸಾಸ್‌ನಲ್ಲಿ ಕ್ಯಾಲೊರಿ ಕಡಿಮೆ, ಉಪ್ಪು ಬಹಳ. ಸ್ವೀಟ್ ಚಿಲ್ಲಿಯಲ್ಲಿ ಸಕ್ಕರೆ. ಮಾಮೂಲಿ ಮಯೋನೀಸ್ ಅಂದರೆ ಬಹುಪಾಲು ಎಣ್ಣೆಯೇ.

ಇಷ್ಟೆಲ್ಲ ಆದಮೇಲೂ ತಮ್ಮನ ಲೆಕ್ಕ ಪೂರ್ತಿ ಕೂಡಲಿಲ್ಲ. ಗುಟ್ಟು ಅಮ್ಮನ ಬಳಿ ಇತ್ತು. ರೋಸ್ಟ್ ಬಡಿಸಿದ ಮೇಲೆ ಬಾಣಲೆಗೆ ಎರಡು ಹಿಡಿ ಅನ್ನ ಹಾಕಿ, ಅಂಟಿದ ಮಸಾಲೆ ತುಪ್ಪದಲ್ಲಿ ಕಲಸಿ ಮಗನಿಗೆ ಕೊಡುವುದು ಅವನ ಬಾಲ್ಯದ ವಾಡಿಕೆ. ಆ ತುತ್ತನ್ನು ಅವನು ಒಮ್ಮೆಯೂ ಬರೆದಿರಲಿಲ್ಲ. "ಅದನ್ನೂ ಬರೀಬೇಕಾ ಅಕ್ಕಾ?" ಎಂದು ಕೇಳಿದ. ಬರೆದ.

ಮುಂದಿನ ಭಾನುವಾರ ಅಮ್ಮ ತಾವಾಗಿಯೇ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟರು. "ತುಪ್ಪ ಬೇಕಾದ್ ಮಸಾಲಿ ಹುರುಕೆ, ಕೋಳಿಗಲ್ಲ" ಎನ್ನುತ್ತ ಕೋಳಿಯನ್ನು ಅದರ ನೀರಿನಲ್ಲೇ ಬೇಯಿಸಿ, 60 ಗ್ರಾಂ ತುಪ್ಪದಲ್ಲಿ ಮಸಾಲೆ ಹುರಿದರು. 200 ಗ್ರಾಮಿನ ಒಂದು ಬಡಿಕೆಗೆ ಸುಮಾರು 80 ಕ್ಯಾಲೊರಿ ಇಳಿಯಿತು. ರುಚಿ ಸ್ವಲ್ಪ ಬೇರೆ ಎಂದು ತಮ್ಮ ಹೇಳಿದ, ಬಟ್ಟಲು ಮಾತ್ರ ಖಾಲಿ ಮಾಡಿದ. ಬಾಣಲೆಯ ಅನ್ನವನ್ನು ಇಬ್ಬರೂ ಬಿಡಲಿಲ್ಲ, ಎರಡು ಹಿಡಿ ಒಂದು ಹಿಡಿಯಾಯಿತು ಅಷ್ಟೆ. ನಾನು ಹೊರಡುವ ಹೊತ್ತಿಗೆ ತೂಕ ಎರಡು ಕಿಲೋ ಇಳಿದಿತ್ತು.

ಯಾರು ಎಷ್ಟು ತಿನ್ನಬೇಕು ಎಂಬುದನ್ನು ಅವರವರ ಡಾಕ್ಟರೇ ಹೇಳಬೇಕು. ಆದರೆ ಇಲ್ಲಿ ಗಲ್ಫಿನಲ್ಲೂ ಸಕ್ಕರೆ ಮಾತ್ರೆ ನುಂಗುತ್ತ, ಮನೆಯೂಟ ತಾನೇ ಎಂದು ಲೆಕ್ಕ ಬಿಟ್ಟವರು ನಮ್ಮಲ್ಲಿ ಎಷ್ಟು ಜನ! ನಾನೂ ಒಬ್ಬಳು. ಮರಳಿ ಬಂದ ವಾರವೇ ಒಂದು ತಕ್ಕಡಿ ಕೊಂಡೆ. ನೀವೂ ಒಂದು ವಾರ ಎಣ್ಣೆ ತುಪ್ಪದ ಡಬ್ಬಿಯನ್ನಷ್ಟೇ ತೂಗಿ ನೋಡಿ. ಮನೆಯಲ್ಲಿ ಅಡುಗೆ ಮಾಡುವವರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ತೂಗಿ.