ಕರೆಂಟ್ ಬಂತು, ಫೋನ್ ಹೋಯ್ತು!

ಏಪ್ರಿಲ್-ಮೇ ತಿಂಗಳ ಸಂಜೆ ಮಳೆ ಹೇಗಿರುತ್ತೆ ಅಂತ ಬೆಂಗಳೂರಿನವರಿಗೆ ಹೇಳ್ಬೇಕಾಗಿಲ್ಲ. ಗುಡುಗು, ಮಿಂಚು, ಕರೆಂಟ್ ಕಟ್. ಲಿಂಗರಾಜಪುರದ ಬಾಡಿಗೆ ಮನೆಗಳಲ್ಲಿರೋ ನಮ್ಮಂಥವರು ಕರೆಂಟ್ ಬಂದ ತಕ್ಷಣ ನೋಡೋದು ವೈಫೈ. ಕೆಲವೊಮ್ಮೆ ಮೋಡೆಮ್ ಸತ್ತಿರುತ್ತೆ, ಗೋಡೆಯ ಫೋನ್ ಸಾಕೆಟ್ ಕಪ್ಪಾಗಿರುತ್ತೆ. ನಮಗೆ ಹೋಗೋದು ಇಂಟರ್ನೆಟ್ ಅಷ್ಟೇ. ಆದರೆ ಮೊಬೈಲ್ ಒಗ್ಗದ ಹಿರಿಯರು ಮನೆಯಲ್ಲಿದ್ದರೆ, ರಾತ್ರಿ ಡಾಕ್ಟರಿಗೆ ಫೋನ್ ಮಾಡೋಕೆ ಅವರಿಗಿರೋದು ಅದೊಂದೇ ಲೈನು.

ಸಾಕೆಟ್ ಯಾಕೆ ಸುಡುತ್ತೆ?

ತಾಮ್ರದ ಫೋನ್ ಲೈನಿಗೆ ವಿದ್ಯುತ್ ಬರೋದು ಎಕ್ಸ್‌ಚೇಂಜಿನ ಬ್ಯಾಟರಿಯಿಂದ, ಸುಮಾರು 48 ವೋಲ್ಟ್ ಡಿಸಿ. ಆ ಬ್ಯಾಟರಿಯ ಪಾಸಿಟಿವ್ ತುದಿಯನ್ನ ಅರ್ತ್ ಮಾಡಿರ್ತಾರೆ. ಹಾಗೆ ಮಾಡಿದರೆ ನೆಲದೊಳಗಿನ ತಾಮ್ರ ಸವೆಯೋದು ಕಡಿಮೆ. ರಿಂಗ್ ಆಗುವಾಗ ಮಾತ್ರ ಇದರ ಮೇಲೆ 75 ವೋಲ್ಟ್ ಆಸುಪಾಸಿನ ಎಸಿ ಸೇರುತ್ತೆ.

ಇಂಥ ಲೈನಿಗೆ ಸರ್ಜ್ ಎರಡು ದಾರಿಯಲ್ಲಿ ಬರುತ್ತೆ. ಒಂದು, ಹತ್ತಿರದಲ್ಲಿ ಸಿಡಿಲು ಹೊಡೆದಾಗ ಕಂಬದಿಂದ ಮನೆಗೆ ಎಳೆದ ವೈರಿನಲ್ಲಿ ಉಂಟಾಗೋ ವೋಲ್ಟೇಜ್. ಎರಡು, ಮನೆಯ ಕರೆಂಟ್ ಲೈನು. ಬೀದಿಯಲ್ಲಿ ನ್ಯೂಟ್ರಲ್ ಕಿತ್ತುಹೋದರೆ 230 ವೋಲ್ಟ್ ಇರಬೇಕಾದ ಕಡೆ 400ರ ಹತ್ತಿರ ಹೋಗಬಹುದು.

ಈ ಎರಡು ಲೈನಿಗೂ ಸೇತುವೆ ಆಗೋದು ಮೋಡೆಮ್ ಮತ್ತು ಕಾರ್ಡ್‌ಲೆಸ್ ಫೋನು. ಒಂದು ಕಡೆ ಅಡಾಪ್ಟರ್, ಇನ್ನೊಂದು ಕಡೆ ಫೋನ್ ವೈರು. ಸರ್ಜ್ ಒಂದರಿಂದ ನುಗ್ಗಿ ಇನ್ನೊಂದರಲ್ಲಿ ಹೊರಡುತ್ತೆ, ನಡುವಿರೋದು ಸುಟ್ಟುಹೋಗುತ್ತೆ. 1948ರಲ್ಲಿ ಶುರುವಾದ ನಮ್ಮ ದೂರವಾಣಿನಗರದ ಐಟಿಐ ತಯಾರಿಸುತ್ತಿದ್ದ ಹಳೇ ಡಯಲ್ ಫೋನು ಗೋಡೆಯ ಕರೆಂಟಿಗೆ ಸೇರೋದೇ ಇಲ್ಲ. ಹಾಗಾಗಿ ಅದಕ್ಕೆ ಈ ಎರಡನೇ ದಾರಿಯ ಭಯವಿಲ್ಲ.

ಏನು ಮಾಡ್ಬೇಕು?

1. ಗುಡುಗು ಪೂರ್ತಿ ನಿಲ್ಲೋವರೆಗೆ ಸಾಕೆಟ್ ಮುಟ್ಟಬೇಡಿ.

2. ಬಲ್ಬು ವಿಪರೀತ ಪ್ರಖರವಾಗಿ ಉರೀತಿದ್ರೆ ಅಥವಾ ಬೇರೆ ಸಾಮಾನೂ ಸುಟ್ಟಿದ್ರೆ ನ್ಯೂಟ್ರಲ್ ಮೇಲೆ ಅನುಮಾನ ಪಡಿ. ಮೇನ್ ಆಫ್ ಮಾಡಿ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

3. ಮೋಡೆಮ್, ಸ್ಪ್ಲಿಟರ್, ಫೋನು ಎಲ್ಲ ಕಿತ್ತಿಡಿ. ಸುಟ್ಟ ಮೋಡೆಮ್ ಒಂದೇ ಇಡೀ ಲೈನನ್ನ ಶಾರ್ಟ್ ಮಾಡಿ ಕೂತಿರಬಹುದು.

4. ಮಲ್ಟಿಮೀಟರನ್ನ ಮೊದಲು ಎಸಿಯ ದೊಡ್ಡ ರೇಂಜಿಗಿಟ್ಟು ಫೋನಿನ ಒಂದೊಂದು ವೈರಿಗೂ ಅರ್ತಿಗೂ ನಡುವೆ ನೋಡಿ. ನೂರಾರು ವೋಲ್ಟ್ ತೋರಿಸಿದರೆ ಕರೆಂಟ್ ಲೈನು ಫೋನ್ ಲೈನಿಗೆ ತಾಗಿದೆ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ನನ್ನ ಕರೆಸಿ.

5. ಅದಿಲ್ಲದಿದ್ದರೆ ಡಿಸಿಗೆ ತಿರುಗಿಸಿ, ಲೈನು ಮನೆಯೊಳಗೆ ಬರೋ ಮೊದಲ ಬಾಕ್ಸಿನಲ್ಲಿ ಎರಡು ವೈರುಗಳ ನಡುವೆ ಅಳೆಯಿರಿ. ಅಲ್ಲಿ 48ರ ಆಸುಪಾಸು ಇದ್ದು ರೂಮಿನ ಸಾಕೆಟ್ಟಿನಲ್ಲಿ ಏನೂ ಇಲ್ಲದಿದ್ದರೆ ತೊಂದರೆ ಮನೆಯೊಳಗಿನ ವೈರಿನದು, ಇಲ್ಲವೇ ಸಾಕೆಟ್ಟಿನದು. ಮೊದಲ ಬಾಕ್ಸಿನಲ್ಲೇ ಸೊನ್ನೆ ಅಂದ್ರೆ ಹೊರಗಿನ ಲೈನು ಹೋಗಿದೆ, ಕಂಪನಿಗೆ ದೂರು ಕೊಡಿ.

ಸಾಕೆಟ್ ಬದಲಿಸೋದು ದೊಡ್ಡ ಕೆಲಸವಲ್ಲ, ಎರಡೇ ವೈರು. ಆದರೆ ಓನರ್‌ಗೆ ಮೊದಲೇ ಹೇಳಿ, ಸುಟ್ಟ ಜಾಗದ ಫೋಟೋ ತೆಗೆದಿಡಿ. ಆಮೇಲೆ ಅಡ್ವಾನ್ಸಿನಲ್ಲಿ ಹಿಡಿದುಕೊಂಡ್ರು ಅನ್ನೋ ಜಗಳ ಬೇಡ. ಕಪ್ಪಾದ ತುದಿಯನ್ನ ಕತ್ತರಿಸಿ, ಹೊಸ ತಾಮ್ರ ಕಾಣೋ ಹಾಗೆ ಸುಲಿದು ಜೋಡಿಸಿ.

ಮುಂದಿನ ಮಳೆಗೆ

ಸ್ಪೈಕ್ ಗಾರ್ಡ್ ಒಳಗಿರೋ ಎಂಒವಿ ಕ್ಷಣಮಾತ್ರದ ಸರ್ಜನ್ನ ತಡೆಯುತ್ತೆ, ಪ್ರತಿ ಸಲ ಸ್ವಲ್ಪ ಸ್ವಲ್ಪ ಸವೆಯುತ್ತೆ. ನ್ಯೂಟ್ರಲ್ ಹೋಗಿ ನಿಮಿಷಗಟ್ಟಲೆ ಹೆಚ್ಚು ವೋಲ್ಟೇಜ್ ಬಂದರೆ ಅದರಿಂದ ಆಗಲ್ಲ. ಅದಕ್ಕೆ ವೋಲ್ಟೇಜ್ ಏರಿದಾಗ ಲೈನ್ ಕಡಿಯೋ ಕಟ್-ಆಫ್ ಬೇಕು. ಫೈಬರ್ ಹಾಕಿಸಿದರೆ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯಲ್ಲ, ಆದರೆ ಅಡಾಪ್ಟರ್ ಕಡೆಯ ದಾರಿ ಅಲ್ಲೂ ತೆರೆದೇ ಇರುತ್ತೆ. ಹಾಗೇ, ಮನೆಯಲ್ಲಿ ಕರೆಂಟ್ ಹೋದರೆ ಫೈಬರ್ ಫೋನೂ ನಿಲ್ಲುತ್ತೆ. ಹಿರಿಯರಿರೋ ಮನೆಗೆ ಒಂದು ಸಣ್ಣ ಯುಪಿಎಸ್ ಕೂಡ ಇರಲಿ.

ಎಲ್ಲಕ್ಕಿಂತ ಅಗ್ಗದ ಉಪಾಯ: ಮೋಡ ಕವಿದಾಗಲೇ ಅಡಾಪ್ಟರ್ ಮತ್ತು ಫೋನ್ ವೈರು ಎರಡನ್ನೂ ಕಿತ್ತಿಡಿ. ಒಂದನ್ನೇ ಕಿತ್ತರೆ ಸಾಲದು.